ಯಲಬುರ್ಗಾ ಎಲ್ಲಿ ಹೋತು?

ಸಂಗಪ್ಪ ಅವತ್ತು ನಗುತ್ತ ಕೇಳಿದನೋ, ಸಿಟ್ಟಿನಿಂದ ಕೇಳಿದನೋ, ಈಗ ಖಚಿತವಾಗಿ ಹೇಳಲಾರೆ. ಕೇಳಿದ್ದಂತೂ ಇದನ್ನೇ: "ಏನಪಾ ಗಂಗಾವತಿ ಸಾಹುಕಾರ, ಯಲಬುರ್ಗಾ ಎಲ್ಲಿ ಹೋತು?"

ನಾವು ಒಂದೇ ಹಾಸ್ಟೆಲಿನವರು. ನಾನು ಗಂಗಾವತಿ ಕಡೆಯ ಮರಳಿಯವನು, ಭತ್ತದ ಸೀಮೆ. ಅವನು ಮಂಗಳೂರಿನವನು (ಕಡಲ ತೀರದ್ದಲ್ಲ, ನಮ್ಮ ಯಲಬುರ್ಗಾದ ಕಡೆಯದು). ನಾನು ಅನ್ನ, ಅವನು ರೊಟ್ಟಿ. "ನಿಮ್ಮ ನೀರು ಕಾಲುವ್ಯಾಗ ಬರ್ತೈತಿ, ನಮ್ಮದು ಮೋಡದಾಗ" ಎಂದು ಆಗಲೂ ಛೇಡಿಸುತ್ತಿದ್ದ. ಆಗ ಎಲ್ಲರೂ ನಗುತ್ತಿದ್ದೆವು.

ಈ ಸಲ ಹಾಸ್ಟೆಲ್ ಗೆಳೆಯರೆಲ್ಲ ಕೊಪ್ಪಳದಲ್ಲಿ ಸೇರುವುದೆಂದಾಯಿತು. ಅದಕ್ಕೊಂದು ವೆಬ್ ಪೇಜ್ ಮಾಡುವ ಉಮೇದು ನನಗೆ. ಮನೆಯಲ್ಲಿ ಕೂತು ಅಷ್ಟಿಷ್ಟು ಕಲಿತ ವಿದ್ಯೆ. ಅಡ್ಡಸಾಲಿನಲ್ಲಿ ನಾಲ್ಕು ವೃತ್ತ, ಜಿಲ್ಲೆಯ ಹಳೆಯ ನಾಲ್ಕು ತಾಲ್ಲೂಕು. ಕೊಪ್ಪಳಕ್ಕೆ ಕೋಟೆಗಲ್ಲಿನ ಬೂದು, ಕುಷ್ಟಗಿಗೆ ಮಸಾರಿ ಮಣ್ಣಿನ ಕೆಂಪು, ಯಲಬುರ್ಗಾಕ್ಕೆ ಎರೆಮಣ್ಣಿನ ಕಪ್ಪು, ಗಂಗಾವತಿಗೆ ಭತ್ತದ ಹಸಿರು. ವೃತ್ತವನ್ನು ಮುಟ್ಟಿದರೆ ಆ ತಾಲ್ಲೂಕಿನ ಗೆಳೆಯರ ಫೋಟೊಗಳು ತೆರೆದುಕೊಳ್ಳುತ್ತವೆ. ಚಂದವಲ್ಲವೇ?

ಇಂಥ ಚಿತ್ರದಲ್ಲಿ ಚೌಕವನ್ನು ಅಡ್ಡಕ್ಕೆ ಸರಿಸಬೇಕಾದರೆ ಅದರ ಎಡ ಅಂಚು ಎಲ್ಲಿರಬೇಕೆಂದು ಹೇಳಬೇಕು. ವೃತ್ತಕ್ಕೆ ಅಂಚು ಹೇಳಿದರೆ ನಡೆಯದು, ನಡು ಎಲ್ಲೆಂದು ಹೇಳಬೇಕು. ಅದಕ್ಕೆ 'ಸಿಎಕ್ಸ್' ಎಂಬ ಹೆಸರು. ಅದನ್ನು ಪ್ರತಿ ವೃತ್ತದ ಮೈಮೇಲೆಯೇ ಬರೆಯಬಹುದು, ಇಲ್ಲವೇ ಎಲ್ಲ ಅಲಂಕಾರವನ್ನೂ ಒಂದೆಡೆ ಗುಡ್ಡೆ ಹಾಕುವ ಸ್ಟೈಲ್‌ಶೀಟಿನಲ್ಲಿ ಬರೆಯಬಹುದು. ನಾನು ಅಚ್ಚುಕಟ್ಟಿನ ಮನುಷ್ಯ. ಸ್ಟೈಲ್‌ಶೀಟಿನಲ್ಲಿ ಬರೆದೆ.

ಗೆಳೆಯರ ವಾಟ್ಸಾಪ್ ಗ್ರೂಪಿಗೆ ಲಿಂಕ್ ಕಳಿಸಿ ಸ್ವಲ್ಪ ಹೊತ್ತಿಗೆ ಸಂಗಪ್ಪನ ಫೋನು, ಅದೇ ಪ್ರಶ್ನೆ: ಯಲಬುರ್ಗಾ ಎಲ್ಲಿ ಹೋತು?

"ಅಲ್ಲೇ ಐತಲೋ," ಅಂದೆ.

"ಎಲ್ಲೈತಿ? ದಂಡಿಗೊಂದು ಹಸರು ಐತಿ, ಅದೂ ಅರ್ಧಾ. ಮುಟ್ಟಿದ್ರ ಬರೇ ನಿಮ್ಮ ಮಂದಿ ಮಾರಿನ ಬರ್ತಾವ. ಎಲ್ಲಾ ಗಂಗಾವತಿನ ನುಂಗ್ತೇನು?"

ನಾನು ಸಾಕ್ಷ್ಯವಿಲ್ಲದೆ ಏನನ್ನೂ ನಂಬಬೇಡ ಎಂದು ಯೂನಿವರ್ಸಿಟಿಯಲ್ಲಿ ಕಲಿತವನು. ನನ್ನ ಫೋನಿನ ಸ್ಕ್ರೀನ್‌ಶಾಟ್ ಕಳಿಸಿದೆ. ನಾಲ್ಕೂ ವೃತ್ತ ಸಾಲಾಗಿ ನಿಂತಿದ್ದವು. ಇದಕ್ಕಿಂತ ಸಾಕ್ಷ್ಯ ಬೇಕೇ?

"ನಿನ್ನ ಫೋನಿನಾಗ ನಾ ಇದ್ರ ನನಗೇನ್ ಬಂತೋ?" ಅಂದ. ಆಮೇಲೆ ನಾನೇನೋ ಅಂದೆ. "ಸರಿಯಾಗಿ ನೋಡು" ಅಂದಂತೆ ನನ್ನ ನೆನಪು. ಹೆಂಡತಿಯ ನೆನಪು ಬೇರೆ.

"ಕಣ್ಣು ತೋರಿಸ್ಕೋ ಹೋಗು ಅಂದ್ರಿ ನೀವು. ನಾ ಇಲ್ಲೇ ಪಲ್ಲೆ ಸೋಸಾಕತ್ತಿದ್ದೆ."

"ಹಂಗ ಅಂದಿಲ್ಲ."

"ನಿಮ್ಮ ಬಾಯಿಗೂ ಒಂದು ಸ್ಕ್ರೀನ್‌ಶಾಟ್ ಇರಬೇಕಿತ್ತು ನೋಡ್ರಿ."

ಸಂಗಪ್ಪ ಗ್ರೂಪ್ ಬಿಟ್ಟ. ಕೊಪ್ಪಳಕ್ಕೂ ಬರಲಿಲ್ಲ. ನಮ್ಮ ವಾರ್ಡನ್ ಮೂಗಿನಲ್ಲಿ ಗದರುವುದನ್ನು ಅವನೊಬ್ಬನೇ ಥೇಟ್ ಮಾಡಿ ತೋರಿಸುತ್ತಿದ್ದ. ಅವನಿಲ್ಲದೆ ನಾವು ಪರಸ್ಪರ ಮೊಮ್ಮಕ್ಕಳ ಫೋಟೊ ತೋರಿಸಿ, ಉಂಡು, ಬಸ್ಸು ಹತ್ತಿದೆವು. ಅವನ ಖುರ್ಚಿಯ ಮೇಲೆ ಯಾರೋ ಬ್ಯಾಗುಗಳನ್ನಿಟ್ಟಿದ್ದರು. (ಅಥವಾ ಅದು ಅವನ ಖುರ್ಚಿ ಎಂದು ನಾನೊಬ್ಬನೇ ಅಂದುಕೊಂಡಿದ್ದೆನೋ.)

ಮೊನ್ನೆ ನನ್ನ ಫೋನು ರಿಪೇರಿಗೆ ಹೋಯಿತು. ಅತ್ತೆಯ ಹಳೇ ಫೋನಿನಲ್ಲಿ, ಸುಮ್ಮನೆ, ಆ ಪೇಜ್ ತೆರೆದೆ. ಎಡ ಅಂಚಿಗೆ ಅಂಟಿಕೊಂಡು ಅರ್ಧ ಹಸಿರು ವೃತ್ತ. ಬೇರೇನೂ ಇಲ್ಲ.

ಹಳೆಯ ಕೆಲವು ಬ್ರೌಸರ್‌ಗಳಿಗೆ ಸ್ಟೈಲ್‌ಶೀಟಿನ ಸಿಎಕ್ಸ್ ಅರ್ಥವಾಗುವುದಿಲ್ಲವಂತೆ. ಅರ್ಥವಾಗದಿದ್ದರೆ ಸೊನ್ನೆ ಎಂದುಕೊಳ್ಳುತ್ತವೆ. ಆಗ ಎಲ್ಲ ವೃತ್ತಗಳ ನಡುವೂ ಎಡ ಅಂಚಿಗೇ ಬಂದು ನಿಲ್ಲುತ್ತದೆ, ಅರ್ಧ ಮೈ ಪರದೆಯಾಚೆ. ಕೊನೆಗೆ ಬರೆದದ್ದು ಎಲ್ಲಕ್ಕಿಂತ ಮೇಲೆ. ಕೊನೆಗೆ ಬರೆದದ್ದು ಗಂಗಾವತಿ.

ಸಂಗಪ್ಪ ಸುಳ್ಳು ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಅವನ ಫೋನನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದ್ದರೆ ಮುಗಿಯುತ್ತಿತ್ತು. ನಮ್ಮ ಎಷ್ಟು ಜಗಳಗಳು ಹೀಗೆ ನಮ್ಮ ನಮ್ಮ ಪರದೆಗಳನ್ನಷ್ಟೇ ನೋಡಿಕೊಂಡು ನಡೆದಿರಬಹುದು?

ಫೋನ್ ಮಾಡಿ ಎಲ್ಲ ವಿವರಿಸಿದೆ. ಕೇಳಿಸಿಕೊಂಡ.

"ಪಂಕ್ತಿ ಎದ್ದ ಮ್ಯಾಲ ಎಲಿ ಹಾಕಾಕ ಬಂದಿಯೇನೋ," ಅಂದ.

"ತಪ್ಪು ನನ್ನ ಕೋಡಿನಾಗಿತ್ತು ಮಾರಾಯಾ. ನಿನ್ನದೂ ಹಳೇ ಫೋನೇನು?"

"ಹೌದಪಾ, ಹಳೇದ. ಅವತ್ತು ಕಣ್ಣು ತೋರಿಸ್ಕೋ ಅಂದಿ. ಇವತ್ತು ಫೋನು ತೋರಿಸ್ಕೋ ಅಂತಿಯೇನು?"

ಹೆಂಡತಿಯ ನೆನಪೇ ಸರಿ. ನನ್ನದನ್ನು ಇನ್ನು ಮುಂದೆ ಎಷ್ಟು ನಂಬಲಿ?

ಸಂಗಪ್ಪ ಫೋನಿಟ್ಟ. ನಗುತ್ತ ಇಟ್ಟನೋ ಹೇಗೋ, ಅದೂ ತಿಳಿಯಲಿಲ್ಲ. ಅತ್ತೆಯ ಫೋನನ್ನು ಮುಂದಿಟ್ಟುಕೊಂಡು, ಕೋಡಿನಿಂದ ಹಸಿರು ವೃತ್ತವನ್ನು ಅಳಿಸಿ ನೋಡಿದೆ. ಇದೊಂದನ್ನು ಮಾತ್ರ ಪರೀಕ್ಷಿಸಿ ಹೇಳುತ್ತಿದ್ದೇನೆ: ಯಲಬುರ್ಗಾ ಅಲ್ಲೇ ಇತ್ತು, ಗಂಗಾವತಿಯ ಕೆಳಗೆ.