ಪರಸಪ್ಪ ಉಜ್ಜಿದ ಗುರುತು

ಪರಸಪ್ಪನ ಮೂಗಿನ ತುದಿ ಕಪ್ಪಾದದ್ದು ಲೋಕಾಪುರದ ಒಂದು ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ, ಎಂಟು ಮಂದಿ ಮಾಸ್ತರರು ಉಪ್ಪಿಟ್ಟು ತಿನ್ನುತ್ತ ನೋಡುತ್ತಿರುವಾಗ. ಎರಡನೇ ಮಹಾಯುದ್ಧದ್ದೆಂದು ಹೇಳಲಾದ ಪಿಸ್ತೂಲನ್ನು ಅವನು ಸೇವಂತಿಗೆ ಮೂಸುವಂತೆ ಮೂಸಿದ್ದ. ಅದು ತನ್ನ ಬಣ್ಣವನ್ನು ಧಾರಾಳವಾಗಿ ಮೂಗಿಗೆ ಬಿಟ್ಟುಕೊಟ್ಟಿತ್ತು.

“ಕಾಕಾ, ಮೂಗು ಒರಸ್ಕೋರಿ. ಬೂಟ್ ಪಾಲಿಶ್,” ಅಂದರು ಇತಿಹಾಸದ ಮಾಸ್ತರ ಬಸವಕುಮಾರ. ಎಲ್ಲರೂ ನಕ್ಕರು. ಪಿಸ್ತೂಲು ತಂದಿದ್ದ ಸಾವಿತ್ರೆವ್ವ ಮಾತ್ರ ನಗಲಿಲ್ಲ.

“ಪ್ರತಿ ಖಂಡೇನವಮಿಗೆ ಪೂಜಾಕ್ಕ ಇಡೂಮುಂದ ನಾನ ಹಚ್ಚತೇನಿ. ತಪ್ಪೇನು?”

ಅದು ಗುಂಡು ಹಾರಿಸುವ ಪಿಸ್ತೂಲಲ್ಲ. ಆಕಾಶಕ್ಕೆ ಬಣ್ಣದ ಬೆಳಕು ಹಾರಿಸಿ, ದಾರಿ ತಪ್ಪಿದವರು ‘ನಾವಿಲ್ಲಿದ್ದೇವೆ’ ಎಂದು ತಿಳಿಸುವ ಫ್ಲೇರ್ ಪಿಸ್ತೂಲು. ನಳಿಗೆಗೆ ಸೀಸ ತುಂಬಿ, ಎಂದೋ ಮೂಕವಾಗಿತ್ತು. ಸಾವಿತ್ರೆವ್ವನ ಮಾವ ಬರ್ಮಾ ಗಡಿಯಿಂದ ತಂದದ್ದೆಂದು ಮನೆಯವರ ನಂಬಿಕೆ. ಶನಿವಾರ ಅದು ಮಾವನ ಫೋಟೊದ ಕೆಳಗೆ, ಶಾಲೆಯ ಗಾಜಿನ ಕಪಾಟಿಗೆ ಸೇರಬೇಕು. ಪರಸಪ್ಪ ಹ್ಞೂಂ ಅಂದರೆ.

ಪರಸಪ್ಪನೇ ಏಕೆಂದರೆ, ಜಮಖಂಡಿ ಪೇಟೆಯಲ್ಲಿ ನಲವತ್ತು ವರ್ಷ ಭಾಂಡೆಗಳ ಮೇಲೆ ಹೆಸರು ಹಾಕಿದವನು ಅವನು. ಗಿರಾಕಿ ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ಒಂದು ಗೆರೆಯೂ ತಪ್ಪದಂತೆ ತಾಮ್ರದ ಕೊಡಕ್ಕೋ ಸ್ಟೀಲ್ ತಾಟಿಗೋ ಇಳಿಸುವ ಕೈ. ಒಮ್ಮೆ ಬಸವಕುಮಾರ ತೋರಿಸಿದ ಮಿಲಿಟರಿ ಡಬ್ಬಿಯನ್ನು ತಿರುವಿ ನೋಡಿ, ಗುರುತು ಖೋಟಾ ಎಂದುಬಿಟ್ಟಿದ್ದ. ಕಾರ್ಖಾನೆಯವರು ಮೊದಲು ಗುರುತು ಒತ್ತಿ ಆಮೇಲೆ ಬಣ್ಣ ಕಟ್ಟುತ್ತಾರೆ, ಅಕ್ಷರದ ತಳವೂ ಕಪ್ಪಿರುತ್ತದೆ. ಮೋಸಗಾರ ಆಮೇಲೆ ಹೊಡೆಯುವುದರಿಂದ ತಳ ಬೆಳ್ಳಗೆ ಹೊಳೆಯುತ್ತದೆ. ಅಂದಿನಿಂದ ಪುಣೆ, ಬೆಳಗಾವಿಯ ಸಂಗ್ರಾಹಕರೂ ಅವನ ಮುಂದೆ ಕೂರತೊಡಗಿದರು. ಹೀಗೆ ಹೆಸರು ಹಾಕುವವನಿಗೇ ಹೆಸರು ಬಂತು.

ಈಗ ಅವನು ಪಾಲಿಶ್ ಒರೆಸಿ, ಭೂತಗನ್ನಡಿ ಹಿಡಿದ. ಬ್ರಿಟಿಷ್ ಸೈನ್ಯದ ಗುರುತಾದ ಒಂದು ಬಾಣ, ಅದರ ಕೆಳಗೆ ೧೯೪೨ ಅನ್ನುವ ಇಂಗ್ಲಿಷ್ ಅಂಕಿ. ನಾಲ್ಕರ ಬಾಲ ತುಸು ಮುರಿದಿತ್ತು.

ಬಾಲ ಮುರಿದ ಆ ಅಚ್ಚು ಅವನದೇ ತಗಡಿನ ಡಬ್ಬಿಯಲ್ಲಿತ್ತು.

ಮರೆತೇಹೋಗಿದ್ದದ್ದು ಈಗ ನೆನಪಾಯಿತು. ಹನ್ನೆರಡು ವರ್ಷದ ಹಿಂದೆ ಸಾವಿತ್ರೆವ್ವನ ಗಂಡ ಗಿರಿಮಲ್ಲಪ್ಪ ಅಂಗಡಿಗೆ ಬಂದಿದ್ದರು. “ಅಪ್ಪನ ಪಿಸ್ತೂಲಲೇ ಪರಸ್ಯಾ. ಗುರುತ ಸವದಾವ, ಯಾರೂ ನಂಬವಲ್ರು. ಎದ್ದ ಕಾಣೂಹಂಗ ಹೊಡಿ.” ಬಾಣ, ಅಂಕಿ ಬರೆದ ಚೀಟಿಯನ್ನೂ ಕೊಟ್ಟಿದ್ದರು. ಪರಸಪ್ಪ ಹೊಡೆದಿದ್ದ. ಅದಕ್ಕೂ ಮೊದಲು, ಹಳೇ ಭಾಂಡೆಗೆ ಹೊಸ ಹೆಸರು ಹಾಕುವಾಗ ಮಾಡುವ ಹಾಗೆಯೇ, ಅಲ್ಲಿದ್ದ ಸಣ್ಣ ಸಣ್ಣ ಅಕ್ಷರಗಳನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡಿದ್ದ. ಕೈಯ ರೂಢಿ. ಗಿರಿಮಲ್ಲಪ್ಪ ತೀರಿಹೋಗಿ ನಾಲ್ಕು ವರ್ಷ. ಊರ ಮಂದಿಯ ಖೋಟಾ ಹಿಡಿಯುತ್ತ ಓಡಾಡಿದ ಇಷ್ಟು ದಿನ, ತನ್ನದೊಂದು ಪೂಜೆಗೆ ಕೂತಿತ್ತಲ್ಲ ಎಂದು ಪರಸಪ್ಪ ಭೂತಗನ್ನಡಿ ಕೆಳಗಿಟ್ಟ.

“ಖರೆ ಐತಿಲ್ಲೋ?” ಸಾವಿತ್ರೆವ್ವ ಕೇಳಿದಳು.

ಹೌದೆಂದು ಎದ್ದು ಹೋಗಬಹುದಿತ್ತು. ಬಸ್ಸೂ ಸಿಗುತ್ತಿತ್ತು.

“ಪಿಸ್ತೂಲ ಹಳೇದ ಐತ್ರಿ ಅವ್ವಾರ. ಗುರುತ ಖೋಟಾ. ಹೊಡದಾಂವ ನಾನ.”

ಮಾಸ್ತರರ ಚಮಚೆಗಳು ನಿಂತವು. ಪರಸಪ್ಪ ನೆಲ ನೋಡುತ್ತಲೇ ಎಲ್ಲ ಹೇಳಿದ. “ಸಾವಕಾರ್ರು ಹೊಡಿ ಅಂದಿದ್ರು ಅಷ್ಟ. ಇದ್ದದ್ದು ಅಳಸು ಅಂದಿದ್ದಿಲ್ಲ. ಅದು ನಂದ ತಪ್ಪರಿ. ಖರೇದ ಸಾಕ್ಷಿ ನಾನ ತಿಂದೆ.”

ಸಾವಿತ್ರೆವ್ವ ಪಿಸ್ತೂಲಿನ ಮೇಲೆ ಬೆರಳಾಡಿಸಿದಳು. ಬೈಯಲಿಲ್ಲ, ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

“ಹೋಗ್ಲಿ ಬಿಡು. ಅಳಸೂಕಿಂತ ಮೊದ್ಲ ನೀ ಕಣ್ಣಲೆ ನೋಡಿದಿ. ಅದರಾಗ ನಮ್ಮ ಮಾವನ ಹೆಸರಿತ್ತನು?”

ಬಸವಕುಮಾರ ಪೆನ್ನು ತೆಗೆದರು. ಇಷ್ಟೊಂದು ಗುರುತು ಹಿಡಿದವನಿಗೆ ನೆನಪಿಲ್ಲದೆ ಇರುತ್ತದೆಯೇ. ಅವನು ಹೇಳಿದ್ದನ್ನೇ ಕಾರ್ಡಿನಲ್ಲಿ ಬರೆದು ಕಪಾಟಿನಲ್ಲಿಟ್ಟರೂ ಸಾಕಿತ್ತು.

ಪರಸಪ್ಪ ಕಪ್ಪು ಮೂಗನ್ನು ಮತ್ತೊಮ್ಮೆ ಒರೆಸಿಕೊಂಡ.

“ಯಾರಿಗ್ಗೊತ್ರಿ ಅವ್ವಾರ. ನನಗ ಓದಾಕ ಬರೂದಿಲ್ಲ.”