ಕೇಳಿದ್ದಕ್ಕೆಲ್ಲ ಹೂಂ ಎನ್ನುವ ಸಾಲು

ಹುಮನಾಬಾದ್ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಟಯರ್ ಅಂಗಡಿಯ ಮೇಲೆ ಸತೀಶಕುಮಾರನ ಸಾಫ್ಟ್‌ವೇರ್ ಕಚೇರಿ ಇದೆ. ಮಂಠಾಳದ ಆಮ್ರಪಾಲಿ ದಿನಾ ಬಸವಕಲ್ಯಾಣದಲ್ಲಿ ಬಸ್ಸು ಬದಲಿಸಿ ಅಲ್ಲಿ ಕೆಲಸಕ್ಕೆ ಬರುತ್ತಾಳೆ. ಅವಳ ತಾಯಿ ಕೂಲಿಗೆ ಹೋಗುವವಳು, ನಮ್ಮ ಕೂಲಿಕಾರರ ಸಂಘದ ಸದಸ್ಯೆ.

ಸಂಘದಲ್ಲೊಂದು ಕಟ್ಟುನಿಟ್ಟಿದೆ. ಯಾವ ಕಾಗದ ಬಂದರೂ ಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಕೂತವರೆಲ್ಲ ತಿಳಿಯಿತು ಅಂದ ಮೇಲೇ ಹೆಬ್ಬೆಟ್ಟು. ಓದದೆ ಒತ್ತಿ ಮನೆಜಾಗ ಕಳೆದುಕೊಂಡವರು ಮಾಡಿದ ನಿಯಮ ಅದು. ಆಮ್ರಪಾಲಿ ಹೈಸ್ಕೂಲಿನಲ್ಲಿದ್ದಾಗಿಂದ ಓದುವ ಕೆಲಸ ಅವಳದೇ.

ಕಳೆದ ವರ್ಷ ಸಂಘ ಸತೀಶಕುಮಾರನಿಗೆ ಒಂದು ಆ್ಯಪ್ ಮಾಡಿಕೊಡಲು ಹೇಳಿತು. ಯಾರು ಎಲ್ಲಿ ಕೆಲಸಕ್ಕೆ ಹೋದರು, ಹಾಜರಿ ಬಿತ್ತೋ ಇಲ್ಲವೋ, ಸಭೆ ಎಲ್ಲಿ, ಎಲ್ಲ ಅದರಲ್ಲಿ. ಆ್ಯಪನ್ನು ಪೂರ್ತಿ ತಾವೇ ಬರೆಯುವವರು ಯಾರೂ ಇಲ್ಲ. ಬೇರೆಯವರು ಮಾಡಿಟ್ಟ ಭಾಗಗಳನ್ನು ಕಂಪ್ಯೂಟರ್ ತಾನೇ ಇಂಟರ್‌ನೆಟ್ಟಿನಿಂದ ಇಳಿಸಿಕೊಂಡು ಜೋಡಿಸುತ್ತದೆ. ಇದಕ್ಕೆ ಬಿಲ್ಡ್ ಅನ್ನುತ್ತಾರೆ. ಕೆಲವು ಭಾಗಗಳು ಮೊದಲು ತಮ್ಮ ಲೈಸನ್ಸ್, ಅಂದರೆ ಬಳಕೆಯ ಷರತ್ತುಗಳನ್ನು ತೋರಿಸಿ, ಒಪ್ಪಿಗೆಯೇ ಎಂದು ಕೇಳುತ್ತವೆ. ಪ್ರತಿ ಸಲ ಉತ್ತರ ಕೊಡುತ್ತ ಕೂಡುವವರು ಯಾರು? ಏನು ಕೇಳಿದರೂ ಹೂಂ ಅನ್ನುವ ಒಂದು ಸಾಲನ್ನು ಕಚೇರಿಯವರು ಬಿಲ್ಡ್‌ನಲ್ಲೇ ಬರೆದಿಟ್ಟಿದ್ದರು. ಬರೆದವಳು ಆಮ್ರಪಾಲಿಯೇ. ಸಭೆಯಲ್ಲಿ ಪ್ರತಿ ಅಕ್ಷರ ಓದುವವಳಿಗೆ ಇದೂ ಹೆಬ್ಬೆಟ್ಟೇ ಅನ್ನುವುದು ಹೊಳೆದಿರಲಿಲ್ಲ.

ಒಂದು ದಿನ ಬಿಲ್ಡ್ ಓಡುವಾಗ ಯಾವುದೋ ಲೈಸನ್ಸ್ ಪರದೆಯ ಮೇಲೆ ಸರಸರ ಹರಿದು ಹೋಯಿತು. ಅವಳು ಹಿಂದಕ್ಕೆ ಎಳೆದು ಓದಿದಳು. ನಕ್ಷೆ ತೋರಿಸುವ ಭಾಗದ್ದು. ಆ್ಯಪ್ ಬಳಸುವವರು ಎಲ್ಲೆಲ್ಲಿ ಓಡಾಡಿದರು ಎಂಬುದನ್ನು ಆ ಭಾಗ ಮಾಡಿದ ಕಂಪನಿ ಇಟ್ಟುಕೊಳ್ಳಬಹುದು, ಮಾರಲೂಬಹುದು ಎಂದಿತ್ತು. ಸಂಘದ ಸಭೆಗೆ ಹೋದವರನ್ನು ಮರುದಿನ ಕೆಲಸಕ್ಕೆ ಕರೆಯದ ಗುತ್ತೇದಾರರು ಈ ಸೀಮೆಯಲ್ಲಿ ಕಡಿಮೆಯಿಲ್ಲ.

ಅವಳು ಹೂಂ ಅನ್ನುವ ಸಾಲನ್ನು ಅಳಿಸಿದಳು. ಬಿಲ್ಡ್ ನಿಂತಿತು.

“ಯಾಕ ನಿಂತದ?” ಸತೀಶಕುಮಾರ ಕೇಳಿದ.

“ಒಪ್ಪಿಗಿ ಕೇಳಾಕತ್ತದ ಸರ್.”

“ಕೊಡ್ರಲ್ಲ. ಜಗತ್ತೆಲ್ಲ ಕೊಡತದ.”

“ಯಾರ ಪರವಾಗಿ ಕೊಡ್ಲಿ? ನಂದೇನೂ ಹೋಗೂದಿಲ್ಲ, ಹೋಗೂದು ಅವರ ಕೂಲಿ.”

“ಸೋಮವಾರ ಆ್ಯಪ್ ಕೊಡಬೇಕು. ಆಗಲಿಲ್ಲಂದ್ರ ಮಂಗಳವಾರ ನೀವು ಬರೂದೇ ಬ್ಯಾಡ.”

“ಆತ್ರಿ. ಐತವಾರ ಬಸವಕಲ್ಯಾಣದಾಗ ಸಭಾ ಅದ. ಅಲ್ಲಿ ಓದತೀನಿ. ನೀವೂ ಬರ್ರಿ.”

ಗಿರಾಕಿ ಕೈತಪ್ಪೀತೆಂದು ಅವನೂ ಬಂದ. ಆಮ್ರಪಾಲಿ ಲೈಸನ್ಸನ್ನು ಕನ್ನಡಕ್ಕೆ ತಂದು ಓದಿದಳು. ಹುಲಸೂರಿನ ಧೂಳಮ್ಮ ಎದ್ದು ಹೊರಗೆ ಎಲೆಯಡಿಕೆ ಉಗುಳಿ ಬಂದು ಕೇಳಿದಳು:

“ಯವ್ವಾ, ಆ ನಕ್ಷಾ ಏನು ಮಾಡತದ?”

“ಹುಲಸೂರ ಎಲ್ಲದ ಅಂತ ತೋರಸತದ, ದೊಡ್ಡಮ್ಮ.”

“ನಾ ಅಲ್ಲೇ ಇರತೀನಲ್ಲ. ನನಗ ಗೊತ್ತಿಲ್ಲೇನು? ಈ ಸಾಹೇಬರಿಗೆ ಬೇಕಿದ್ರ ನಾನೇ ಕರಕೊಂಡು ಹೋಗಿ ತೋರಸತೀನಿ.”

ಎಲ್ಲರೂ ನಕ್ಕರು, ಸತೀಶಕುಮಾರನ ಹೊರತು. ನಕ್ಷೆ ಬೇಡವೆಂದು ಕೈಗಳು ಎದ್ದವು. ನಾಲ್ಕು ದಿನ ತಡವಾದರೂ ನಡೆಯುತ್ತದೆ ಎಂದರು.

ಮಂಗಳವಾರ ಅವಳು ಕಚೇರಿಗೆ ಹೋದಳು. ಗಿರಾಕಿಗಳೇ ತಡವಾಗಲಿ ಅಂದ ಮೇಲೆ ಅವಳನ್ನು ತಡೆಯುವ ಧೈರ್ಯ ಅವನಿಗಿರಲಿಲ್ಲ. ನಕ್ಷೆಯ ಭಾಗವನ್ನು ಕಿತ್ತುಹಾಕಿ, ಊರಿನ ಹೆಸರನ್ನು ಕೈಯಿಂದಲೇ ಆರಿಸುವಂತೆ ಮಾಡಿದಳು. ಓದಿ ಒಪ್ಪಿದ ಲೈಸನ್ಸ್‌ಗಳನ್ನು ಮಾತ್ರ ಬಿಲ್ಡ್ ಈಗ ದಾಟುತ್ತದೆ. ಹೊಸದು ಎದುರಾದರೆ ನಿಲ್ಲುತ್ತದೆ. ಆಮೇಲೆ ಅವಳು ಅದೇ ಕಚೇರಿ ಒಬ್ಬ ಅಂಗಡಿಕಾರನಿಗೆ ಮಾಡುತ್ತಿದ್ದ ಆ್ಯಪ್ ತೆರೆದಳು. ಅದರಲ್ಲೂ ಹೂಂ ಅನ್ನುವ ಸಾಲಿತ್ತು.

“ಇದು ಸಂಘದ್ದಲ್ಲ. ಇದಕ್ಯಾಕ ಕೈ ಹಚ್ಚತೀರಿ?” ಸತೀಶಕುಮಾರ ಕೇಳಿದ.

“ಇವರ ಗಿರಾಕಿಗೋಳೂ ಮನುಷ್ಯಾರೇ ಅಲ್ಲೇನ್ರಿ? ಕುಂಡ್ರಿ ಸರ್, ಓದತೀನಿ.”