ಚಿಟಿಕೆ ಅಕ್ಕನ ನಾಲಿಗೆ

ಬಂದರಿನ ಕ್ಯಾಂಟೀನಿನಲ್ಲಿ ಇಪ್ಪತ್ತೆರಡು ವರ್ಷ ಅಡುಗೆ ಮಾಡಿದವಳಿಗೆ ದೋಣಿಯವರು ಇಟ್ಟ ಹೆಸರು ಚಿಟಿಕೆ ಅಕ್ಕ. ಉಪ್ಪಿಗೆ ಚಮಚ ಮುಟ್ಟಿದವಳೇ ಅಲ್ಲ. ಪಾತ್ರೆ ಎಷ್ಟು ದೊಡ್ಡದಿದ್ದರೂ ಬೆರಳಿನ ಅಂದಾಜೇ, ಕೊನೆಗೊಮ್ಮೆ ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡುವುದೇ.

ಎರಡು ವರ್ಷದಿಂದ ಉಪ್ಪಿನ ಡಬ್ಬ ಬೇಗ ಖಾಲಿಯಾಗುತ್ತಿರಲಿಲ್ಲ. ಕೈ ಪಳಗಿತು ಎಂದು ಅಕ್ಕ ಒಳಗೊಳಗೇ ಹಿಗ್ಗಿದ್ದಳು.

"ಏನಕ್ಕಾ, ನಮಗೆ ಉಪ್ಪಿನ ಋಣ ಜಾಸ್ತಿ ಆಗ್ಬಾರ್ದು ಅಂತ ಕೈ ಬಿಗಿ ಮಾಡ್ದ್ಯಾ?" ಎಂದು ಡಬ್ಬ ನೋಡಿ ದೋಣಿಯ ಎಂಜಿನ್ ರಿಪೇರಿಯವನು ಕೆಣಕಿದರೆ, "ಋಣ ನೆನೆಯೋ ಮುಖ ನೋಡು. ಸುಮ್ನೆ ತಿನ್ನು" ಎನ್ನುತ್ತಿದ್ದಳು.

ಮಗಳು ಏಳು ತಿಂಗಳ ಬಸುರಿ, ಅವಳ ಜೊತೆಗೇ ಇದ್ದಳು. ಕಾಲು ಊದಿ ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. ಊರಿಗೆ ಹೊಸದಾಗಿ ಬಂದ ನರ್ಸು ಮನೆಗೇ ಬಂದು ಬಿಪಿ ನೋಡಿದಳು. ಮುಖ ಗಂಟಿಕ್ಕಿ ಇನ್ನೊಂದು ಸಲ ನೋಡಿದಳು.

"ಉಪ್ಪು ಕಮ್ಮಿ ಮಾಡಿ ಅಮ್ಮ."

"ನಾನು ಹಾಕೋದೇ ಒಂದು ಚಿಟಿಕೆ, ಸಿಸ್ಟರ್."

ಬಿಸಿಲಿಗೆ ಬಾಯಾರಿದ್ದ ನರ್ಸು ಅಕ್ಕ ತಂದಿಟ್ಟಿದ್ದ ನೀರಿನ ಲೋಟ ಎತ್ತಿ ಒಂದು ಗುಟುಕು ಕುಡಿದವಳು ನುಂಗಲಾರದೆ ಬಚ್ಚಲಿಗೆ ಹೋಗಿ ಉಗಿದಳು.

"ಇದನ್ನೇ ಕುಡೀತೀರಾ?"

"ಬಾವಿ ನೀರು. ಕ್ಯಾಂಟೀನಿಗೂ ಇದೇ."

"ಉಪ್ಪು ನೀರಮ್ಮಾ ಇದು. ಸಮುದ್ರ ಏರ್ತಿದೆ, ಮಳೆ ಬರೋ ಹೊತ್ತಿಗೆ ಬರ್ತಿಲ್ಲ. ಉಪ್ಪು ನೆಲದ ಒಳಗಿಂದಾನೇ ಬಾವಿಗೆ ಬಂದ್ಬಿಟ್ಟಿದೆ. ಮಗಳಿಗೂ ಅಪಾಯ, ಹೊಟ್ಟೇಲಿರೋದಕ್ಕೂ."

ಅಕ್ಕ ಅದೇ ಲೋಟದಲ್ಲಿ ಉಳಿದದ್ದನ್ನು ಕುಡಿದಳು. ನೀರು ನೀರಿನ ಹಾಗೇ ಇತ್ತು. ಆಗ ಅವಳಿಗೆ ಬೇಗ ಖಾಲಿಯಾಗದ ಉಪ್ಪಿನ ಡಬ್ಬ ನೆನಪಾಯಿತು. ಕೈಗೆ ಎರಡು ವರ್ಷದ ಹಿಂದೆಯೇ ತಿಳಿದಿದ್ದದ್ದು ನಾಲಿಗೆಗೆ ಇವತ್ತಿಗೂ ತಿಳಿದಿಲ್ಲ. ಬಸುರಿ ನೀರು ಕುಡಿಯಬೇಕು ಎಂದು ಗದರಿಸಿ ಗದರಿಸಿ ಕುಡಿಸಿದವಳು ಯಾರು? ತಾನೇ.

ಮರುದಿನ ಬೆಳಿಗ್ಗೆ ಮಗಳನ್ನು ಕರೆದುಕೊಂಡು ಎರಡು ಗಂಟೆ ಬಸ್ಸಿನ ದಾರಿಯಲ್ಲಿದ್ದ ತಂಗಿಯ ಮನೆಗೆ ಹೋದಳು. ತಂಗಿ ತಂಬಿಗೆ ತಂದಿಟ್ಟಳು. ಅಕ್ಕ ಒಂದು ಗುಟುಕು ಕುಡಿದಳು, ಬಾಯಲ್ಲೇ ಹಿಡಿದು ನೋಡಿದಳು. ಸಪ್ಪೆ ಅನ್ನಿಸಿತು. ಆದರೆ ಈ ನಾಲಿಗೆಯ ಮಾತನ್ನು ನಂಬುವುದು ಹೇಗೆ?

"ನಮ್ಮ ನೀರು ಸಕ್ಕರೆ ಕಣೇ ಅಕ್ಕಾ" ಎಂದಳು ತಂಗಿ.

"ನೀನು ದಿನಾ ಕುಡಿಯೋಳು. ನಾನೂ ಹೀಗೇ ಹೇಳ್ತಿದ್ದೆ."

ಮಗಳು ಚಾಪೆಯ ಮೇಲೆ ಕಾಲು ಚಾಚಿ, ಲೋಟ ಹಿಡಿದು, ಕುಡಿಯಲೋ ಬೇಡವೋ ಎಂದು ತಾಯಿಯ ಮುಖವನ್ನೇ ನೋಡುತ್ತಿದ್ದಳು. ಅಕ್ಕ ಲೋಟ ಕಿತ್ತುಕೊಂಡಳು. ಬಾಟಲಿಗೆ ನೀರು ತುಂಬಿಸಿ ಬಸ್ ನಿಲ್ದಾಣಕ್ಕೆ ಓಡುನಡಿಗೆಯಲ್ಲಿ ಹೋದಳು. ದೂರದಿಂದ ಬಂದ ಬಸ್ಸಿನಿಂದ ಇಳಿದ ಒಬ್ಬನನ್ನು ತಡೆದು, "ಅಣ್ಣಾ, ಒಂದು ಗುಟುಕು ಕುಡಿದು ಹೇಗಿದೆ ಹೇಳ್ತೀರಾ?" ಎಂದಳು.

ಅವನು ಬಾಟಲಿಯನ್ನೂ ಅವಳನ್ನೂ ನೋಡಿದ. "ಏನಮ್ಮಾ ಬೆರೆಸಿದ್ದೀಯ?"

"ನಾನೇನೂ ಬೆರೆಸಿಲ್ಲಪ್ಪ. ಬೆರೆತಿದೆಯಾ ಅಂತಾನೇ ಕೇಳ್ತಿರೋದು."

ಅವನು ಬೇಡವೆಂದು ತಲೆಯಾಡಿಸಿ ಹೊರಟೇಹೋದ. ಹಿಂದೆಯೇ ಮೂಟೆ ಹೊತ್ತು ಇಳಿದ ಹೆಂಗಸೊಬ್ಬಳು ಬಾಟಲಿ ಇಸಿದುಕೊಂಡು ಗಟಗಟ ಕುಡಿದಳು. ಅವಳ ಗಂಟಲು ಏರಿಳಿಯುವುದನ್ನೇ ಅಕ್ಕ ಕಣ್ಣು ಮಿಟುಕಿಸದೆ ನೋಡಿದಳು.

"ಒಳ್ಳೇ ನೀರು. ಪುಣ್ಯ ಬರ್ಲಿ ನಿನಗೆ."

"ಯಾವ ಊರಮ್ಮಾ ನಿಮ್ದು?"

"ಸಮುದ್ರದ ಕಡೇದೇ."

ಅಕ್ಕ ಬಾಟಲಿ ವಾಪಸು ತೆಗೆದುಕೊಂಡು, ಅದರ ಬಾಯನ್ನು ಸೆರಗಿನಿಂದ ಒರೆಸಿ, ಮುಂದಿನ ಬಸ್ಸಿಗೆ ಕಾಯುತ್ತ ನಿಂತಳು.